ಹುಸಿನೊಣದ ಭಾವಚಿತ್ರ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಗಾಳ ಹಾಕುವ ವಿನೋದಕ್ಕೆಂದೇ ಒಂದು ಅಧ್ಯಾಯವಿದೆಯೆಂದರೆ ಕೇಳಿದವರು ನಗುತ್ತಾರೆ. ಅರಸನಿಗೇಕೆ ಈ ಉಸಾಬರಿ? ಆದರೆ ‘ಮತ್ಸ್ಯವಿನೋದ’ವನ್ನು ಓದಿದರೆ, ಬರೆದವನು ಹೊಳೆಯ ದಡದಲ್ಲಿ ಕುಳಿತು ಬಲ್ಲವನೆನ್ನಿಸದೆ ಇರದು. ಕಡಲಿನ ಮೀನು, ಹೊಳೆಯ ಮೀನು, ಹುರುಪೆಯುಳ್ಳದ್ದು, ಇಲ್ಲದ್ದು ಎಂದು ವಿಂಗಡಿಸಿ, ಯಾವುದಕ್ಕೆ ಯಾವ ಉಂಡೆ ತಿನ್ನಿಸಿ ಒಂದೆಡೆ ಸೇರಿಸಬೇಕು, ದಾರ ಹೇಗಿರಬೇಕು, ಕೋಲು ಹೇಗಿರಬೇಕು ಎಂಬುದನ್ನೆಲ್ಲ ಹೇಳಿದ್ದಾನೆ. ನಮ್ಮ ಕುಪ್ಪೇಲೂರಿನ ಸೀಮೆಯೂ ಚಾಲುಕ್ಯರ ನಾಡೇ. ರಾಣೇಬೆನ್ನೂರು ತಾಲ್ಲೂಕಿನ ಅಂಚಿನಲ್ಲಿ ಹರಿಯುವ ತುಂಗಭದ್ರೆಯೂ ಅಂದಿನದೇ.

ಆದರೆ ನಮಗೆ ಉಳಿದು ಬಂದಿರುವುದು ಮಾತು ಮಾತ್ರ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯದ ಮೇಲೆ ಲೇಖನ ಬರೆದಾಗ, ಹೆಸರು ಲಕ್ಷಣಗಳನ್ನು ಹಿಡಿದೇ ಮೀನುಗಳನ್ನು ಗುರುತಿಸಬೇಕಾಯಿತು. ಇಂಗ್ಲೆಂಡಿನಲ್ಲಿಯೂ ಇದೇ ಕಥೆ. 1496ರಲ್ಲಿ ಅಚ್ಚಾದ ಅವರ ಮೊದಲ ಗಾಳದ ಗ್ರಂಥದಲ್ಲಿ ಕೊಕ್ಕೆಗಳ ಚಿತ್ರಗಳುಂಟು. ಗರಿ, ಉಣ್ಣೆಗಳಿಂದ ಕಟ್ಟುವ ಹನ್ನೆರಡು ಹುಸಿನೊಣಗಳಿಗೆ ಮಾತ್ರ ಬರಿಯ ವರ್ಣನೆ. ಅವು ಕಣ್ಣಿಗೆ ಹೇಗಿದ್ದುವೆಂದು ಅಲ್ಲಿಯವರು ಇನ್ನೂ ಚರ್ಚಿಸುತ್ತಿದ್ದಾರೆ.

ಹುಸಿನೊಣವೆಂದರೆ ಎರೆಹುಳುವಿನ ಬದಲು ಕೊಕ್ಕೆಗೆ ಕಟ್ಟುವ ಕೃತಕ ಕೀಟ. ದೊರೆಗಳು ಅದನ್ನು ನಮ್ಮ ಹೊಳೆಗಳಿಗೂ ತಂದರು. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್‌ನ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲಿಯೇ ಪ್ರಕಟವಾಯಿತು. ಕೊಡುಕೊಳ್ಳುವಿಕೆ ಒಮ್ಮುಖವಾಗಿರಲಿಲ್ಲವೆನ್ನಿ. ನಮ್ಮ ಮಲೆನಾಡಿನ ಕಾಡುಹುಂಜದ ಕೊರಳ ಗರಿಯಲ್ಲಿ ಅರಗು ಸವರಿದಂತೆ ಹೊಳೆಯುವ ಚುಕ್ಕೆಯುಂಟಷ್ಟೆ. ಅದು ಸೀಮೆಯ ಸಾಲ್ಮನ್ ಗಾಳಗಳಿಗೆ ಕಣ್ಣಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಆ ಹಕ್ಕಿಯನ್ನು ಕೊಲ್ಲುವುದೇ ಅಪರಾಧ.

ಈ ಬೇಸಗೆಯಲ್ಲಿ ಕೊಡಗಿನ ಮಿತ್ರರೊಬ್ಬರು ತಮ್ಮ ತಾತನವರ ತಗಡಿನ ಡಬ್ಬಿಯನ್ನು ನನ್ನ ಕೈಗಿತ್ತರು. ಒಳಗೆ ಅವರೇ ಕಟ್ಟಿದ ಮೂವತ್ತು ಹುಸಿನೊಣಗಳು. ಅರ್ಧಕ್ಕರ್ಧ ನುಸಿಯ ಪಾಲಾಗಿ ತುಕ್ಕು ಹಿಡಿದ ಕೊಕ್ಕೆಯೂ ದಾರವೂ ಉಳಿದಿದ್ದುವು. ಮಿಕ್ಕವು ಇನ್ನೆರಡು ಮಳೆಗಾಲ ಕಾಣುವಂತಿರಲಿಲ್ಲ. ಭಾವಚಿತ್ರ ತೆಗೆಯೋಣವೆಂದರೆ ನನ್ನಲ್ಲಿದ್ದುದು ಮೊಬೈಲು ಫೋನು, ಹತ್ತು ರೂಪಾಯಿಯ ಬೂದುಬಣ್ಣದ ರಟ್ಟು, ಅಕ್ಷರ ಓದುವ ಭೂತಗನ್ನಡಿ.

ಅಷ್ಟೇ ಸಾಕಾಯಿತು. ಬಿಸಿಲು ನೇರವಾಗಿ ಬೀಳದ ಉತ್ತರದ ಕಿಟಕಿಯ ಬಳಿ ಮೇಜನ್ನೆಳೆದು, ಬಾಟಲಿಯ ಬೆಂಡಿಗೆ ಕೊಕ್ಕೆಯ ತುದಿಯನ್ನು ಚುಚ್ಚಿ ನಿಲ್ಲಿಸಿದೆ. ಹಿಂದೆ ರಟ್ಟು; ನೆರಳಿನ ಕಡೆಗೆ ಬಿಳಿಯ ಕಾಗದ, ಬೆಳಕು ತಿರುಗಿ ಬೀಳಲೆಂದು. ಮೊದಲು ತೀರ ಹತ್ತಿರ ಹೋಗಿ ಕೆಟ್ಟೆ. ಹತ್ತಿರವಾದಷ್ಟೂ ಸ್ಫುಟವಾಗಿ ಕಾಣುವ ಆಳ ಕಡಿಮೆ. ಕಣ್ಣು ತಿಳಿಯಾದರೆ ಬಾಲ ಮಂಜು. ಕೊಂಚ ಹಿಂದೆ ಸರಿದು, ನೊಣದ ಪಕ್ಕೆಗೆ ಫೋನನ್ನು ಸಮಾನಾಂತರವಾಗಿ ಪುಸ್ತಕಗಳ ರಾಶಿಯ ಮೇಲಿಟ್ಟು, ಕೈನಡುಕ ತಗಲದಂತೆ ಟೈಮರಿಗೆ ಬಿಟ್ಟು, ಅನಂತರ ಅಂಚುಗಳನ್ನು ಕತ್ತರಿಸಿದೆ. ತೀರ ಚಿಕ್ಕವಕ್ಕೆ ಮಾತ್ರ ಭೂತಗನ್ನಡಿ. ಪಕ್ಕದಲ್ಲಿ ಶಾಲೆಯ ಅಡಿಪಟ್ಟಿಯನ್ನಿಡುವುದನ್ನು ಮರೆತು ಮೊದಲ ದಿನದವನ್ನೆಲ್ಲ ಮತ್ತೆ ತೆಗೆಯಬೇಕಾಯಿತು. ಅಳತೆಯಿಲ್ಲದ ಚಿತ್ರ ಅರ್ಧ ಸಾಕ್ಷಿ.

ಚಿತ್ರಗಳನ್ನು ಹಿಗ್ಗಿಸಿ ನೋಡುವಾಗ ಒಂದು ವಿಚಿತ್ರ ಕಂಡಿತು. ಅಂಗಡಿಯಿಂದ ಕೊಂಡ ಒಂದೆರಡು ನೊಣಗಳಲ್ಲಿ ದಾರ ಒಂದು ದಿಕ್ಕಿಗೆ ಸುತ್ತಿದ್ದರೆ, ಮಿಕ್ಕವುಗಳಲ್ಲಿ ಕನ್ನಡಿಯೊಳಗಿನ ಬಿಂಬದಂತೆ ತಿರುವುಮುರುವಾಗಿತ್ತು. ಬರಿಗಣ್ಣಿಗೆ ಇದು ತಿಳಿದಿರಲಿಲ್ಲ. ಮಿತ್ರರಿಗೆ ಫೋನು ಮಾಡಿದೆ.

“ನಿಮ್ಮ ತಾತನವರು ಎಡಚರೇ?”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. “ಹೌದು ಮೇಷ್ಟ್ರೇ,” ಎಂದರು. “ನಿಮಗೆ ಯಾರು ಹೇಳಿದರು?”