ಮಗುವಿನ ಮೇಲೆ ದೌರ್ಜನ್ಯದ ಶಂಕೆ: ಯಾರಿಗೆ, ಹೇಗೆ ತಿಳಿಸಬೇಕು?



ಶಿವಮೊಗ್ಗ, ಭದ್ರಾವತಿಯಿಂದ ಬೆಂಗಳೂರಿಗೆ ರೈಲಿದೆ. ಆಗುಂಬೆ ಘಾಟಿ ಇಳಿದರೆ ಉಡುಪಿ. ದುಡಿಮೆಗಾಗಿ ಜನ ಓಡಾಡುವ ಈ ದಾರಿಗಳಲ್ಲೇ ಮಗುವೊಂದನ್ನು ಸದ್ದಿಲ್ಲದೆ ಸಾಗಿಸುವುದೂ ಸಾಧ್ಯ. ಮನೆಗೆಲಸ, ಹೋಟೆಲ್ ಕೆಲಸ, ಓದಿಸುವ ಭರವಸೆ, ಮದುವೆಯ ಆಸೆ ಇವೇ ಮಾನವ ಕಳ್ಳಸಾಗಣೆಯ ಮುಖವಾಡಗಳು. ಹೆತ್ತವರು ಮುಂಗಡ ಹಣ ಪಡೆದು ಒಪ್ಪಿದ್ದರೂ ಅಪರಾಧ ಅಪರಾಧವೇ. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಿನಂತೆ ಮಗುವಿನ ಕಳ್ಳಸಾಗಣೆಗೆ ಕನಿಷ್ಠ 10 ವರ್ಷಗಳ ಕಠಿಣ ಸಜೆಯಿದೆ.

ಶಂಕೆಯೇ ಸಾಕು

"ಮೊದಲು ನಾವೇ ವಿಚಾರಿಸೋಣ" ಎಂಬ ಮಾತು ಧರ್ಮಕೇಂದ್ರಗಳಲ್ಲಿ ಸಹಜ. ಆದರೆ ತನಿಖೆ ನಮ್ಮ ಕೆಲಸವಲ್ಲ. ವಿಚಾರಣೆಯ ಸುಳಿವು ಸಿಕ್ಕರೆ ಮಗುವನ್ನು ಬೇರೆಡೆಗೆ ಸಾಗಿಸಿಯಾರು. 18 ವರ್ಷದೊಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದಿದೆ ಅಥವಾ ನಡೆಯಬಹುದೆಂಬ ಶಂಕೆ ಬಂದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೋ ಕಾಯ್ದೆಯಂತೆ ಕಡ್ಡಾಯ. ಮುಚ್ಚಿಟ್ಟರೆ 6 ತಿಂಗಳವರೆಗೆ, ತನ್ನ ಕೈಕೆಳಗಿನವರ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥರೇ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸಜೆಯಾಗಬಹುದು. ಸದುದ್ದೇಶದಿಂದ ತಿಳಿಸಿದವರಿಗೆ ಕಾನೂನಿನ ರಕ್ಷಣೆಯಿದೆ.

ಎಲ್ಲಿ ತಿಳಿಸಬೇಕು?

ಅಪಾಯ ಎದುರಿಗೇ ಇದ್ದರೆ 112. ಮಕ್ಕಳ ಸಹಾಯವಾಣಿ 1098. ಎರಡೂ ಉಚಿತ. ಲೈಂಗಿಕ ದೌರ್ಜನ್ಯವಾದರೆ ಕರೆಯಷ್ಟಕ್ಕೇ ನಿಲ್ಲದೆ ಠಾಣೆಗೂ ತಿಳಿಸಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಕಾನೂನಿನಂತೆ, ಭದ್ರಾವತಿಯ ಮಗುವಿನ ಬಗ್ಗೆ ಉಡುಪಿಯ ಠಾಣೆಯಲ್ಲೂ ದೂರು ದಾಖಲಿಸಬಹುದು. "ನಮ್ಮ ವ್ಯಾಪ್ತಿಯಲ್ಲ" ಎನ್ನುವಂತಿಲ್ಲ.

ಒಬ್ಬಂಟಿ ಮಗು ಕಾನ್ವೆಂಟಿಗೆ ಬಂದರೆ ಊಟ, ಆಸರೆ ಕೊಡಿ. ಆದರೆ 24 ಗಂಟೆಯೊಳಗೆ 1098, ಪೊಲೀಸ್, ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಅಥವಾ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಲೇಬೇಕು.

ನೆನಪಿಡಿ

ಮಗು ಹೇಳಿದ್ದನ್ನು ಅದರ ಮಾತಿನಲ್ಲೇ, ದಿನಾಂಕ ಹಾಕಿ ಬರೆದಿಡಿ. ಮತ್ತೆ ಮತ್ತೆ ಕೆದಕಬೇಡಿ. ಹೆಸರು, ಫೋಟೋ, ಶಾಲೆಯ ವಿವರ ಯಾರೊಂದಿಗೂ ಹಂಚಬೇಡಿ. ಆರೋಪಿಯೊಡನೆ ರಾಜಿ ಬೇಡ.

ಧರ್ಮಸಭೆಯೊಳಗೆ

ಆರೋಪ ಧರ್ಮಗುರು ಅಥವಾ ಧರ್ಮಭಗಿನಿಯ ಮೇಲೆಯೇ ಬಂದರೆ? 2019ರಲ್ಲಿ ಪೋಪ್ ಫ್ರಾನ್ಸಿಸ್ ಹೊರಡಿಸಿ, 2023ರಲ್ಲಿ ಸ್ಥಿರಪಡಿಸಿದ ನಿಯಮದಂತೆ, ಲೈಂಗಿಕ ದೌರ್ಜನ್ಯದ ವಿಷಯ ತಿಳಿದ ಗುರುಗಳೂ ಧಾರ್ಮಿಕರೂ ತಡಮಾಡದೆ ಧರ್ಮಾಧ್ಯಕ್ಷರಿಗೆ ತಿಳಿಸಬೇಕು. ಲ್ಯಾಟಿನ್ ವಿಧಿಯ ಶಿವಮೊಗ್ಗ, ಸಿರೋ-ಮಲಬಾರ್ ವಿಧಿಯ ಭದ್ರಾವತಿ ಧರ್ಮಪ್ರಾಂತ್ಯಗಳೆರಡಕ್ಕೂ ಇದು ಅನ್ವಯಿಸುತ್ತದೆ. ಆದರೆ ಧರ್ಮಾಧ್ಯಕ್ಷರಿಗೆ ಹೇಳಿದ ಮಾತ್ರಕ್ಕೆ ಪೊಲೀಸರಿಗೆ ತಿಳಿಸುವ ಹೊಣೆ ತೀರುವುದಿಲ್ಲ. ಪಾಪನಿವೇದನೆಯ ಗುಟ್ಟು ಎಂದೆಂದಿಗೂ ಅಭೇದ್ಯ. ಕಚೇರಿಯಲ್ಲೋ ಧರ್ಮೋಪದೇಶ ತರಗತಿಯಲ್ಲೋ ಕೇಳಿದ ಮಾತಿಗೆ ಆ ಮರೆ ಇಲ್ಲ.

ಬಾಲ್ಯದಲ್ಲೇ ಅಪಹರಣಕ್ಕೊಳಗಾಗಿ ಗುಲಾಮಳಾಗಿ ಮಾರಲ್ಪಟ್ಟ ಸಂತ ಜೋಸೆಫೀನ್ ಬಖಿತಾರ ಹಬ್ಬ ಫೆಬ್ರವರಿ 8. 2015ರಿಂದ ಧರ್ಮಸಭೆ ಅಂದು ಕಳ್ಳಸಾಗಣೆಯ ವಿರುದ್ಧ ಪ್ರಾರ್ಥಿಸುತ್ತಿದೆ. ಪ್ರಾರ್ಥಿಸೋಣ, ಜೊತೆಗೆ ಈ ಎರಡು ಸಂಖ್ಯೆಗಳನ್ನು ದೇವಾಲಯದ ಸೂಚನಾ ಫಲಕದಲ್ಲಿ ಬರೆಸೋಣ.