ಮುಕ್ತವೂ ಉಚಿತವೂ: ಕಾಯಕದ ಕೂಲಿಯ ಕುರಿತು ಒಂದು ಅವಲೋಕನ

ರಾಣೆಬೆನ್ನೂರು ತಾಲೂಕಿನ ಐರಣಿಯು ತುಂಗಭದ್ರೆಯ ದಂಡೆಯ ಮೇಲಿನ ಗ್ರಾಮ. ಹೊಳೆಯ ಹೆಸರನ್ನೇ ಹೊತ್ತ ಹೊಳೆಮಠವು ಇಲ್ಲಿಯದು. ಹೊಳೆಗುಂಟ ಕೆಳಗೆ ಸಾಗಿದರೆ ಅದೇ ತಾಲೂಕಿನ ಚೌಡದಾನಪುರ ದೊರೆಯುತ್ತದೆ. ಅಲ್ಲಿ ಮುಕ್ತೇಶ್ವರನ ದೇಗುಲವಿದೆ. ಹನ್ನೆರಡನೆಯ ಶತಮಾನದ ನಿಜಶರಣ ಅಂಬಿಗರ ಚೌಡಯ್ಯನವರ ಸ್ಮರಣೆಯ ತಾಣವೂ ಇದೆ. ಚೌಡಯ್ಯನವರದು ದೋಣಿ ನಡೆಸುವ ಕಾಯಕ. ಅನೇಕ ಶರಣರು ಇಷ್ಟದೈವದ ಹೆಸರನ್ನು ಅಂಕಿತವಾಗಿ ಬಳಸಿದರೆ, ಇವರು ತಮ್ಮ ಕಸುಬಿನೊಡನೆ ಬೆಸೆದ ತಮ್ಮ ಹೆಸರನ್ನೇ ಅಂಕಿತವಾಗಿಸಿದರು. ದುಡಿಯುವವನ ಹೆಸರು ಅಳಿಯಬಾರದೆಂಬ ಪಾಠ ಅದರಲ್ಲಿಯೇ ಅಡಗಿದೆ.

ಹೊಳೆಯು ಯಾರ ಸ್ವತ್ತೂ ಅಲ್ಲ. ಅದರ ನೀರನ್ನು ಕುಡಿಯಲು ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಹೊಳೆಯನ್ನು ದಾಟಿಸುವ ಅಂಬಿಗನ ತೋಳಿಗೆ ಅನ್ನ ಬೇಕು. ದೋಣಿಯ ಹಲಗೆ ಕೊಳೆತಾಗ ಹೊಸ ಹಲಗೆ ಬೇಕು. ಹೊಳೆ ಎಲ್ಲರದೆಂಬ ಕಾರಣಕ್ಕೆ ಅಂಬಿಗನಿಗೆ ಕೂಲಿ ಬೇಡವೆಂದು ವಾದಿಸುವವನು ಹೊಳೆಯನ್ನೂ ಅರಿಯನು, ಕಾಯಕವನ್ನೂ ಅರಿಯನು.

ಈ ಹಳೆಯ ಪ್ರಶ್ನೆ ಇಂದು ಹೊಸ ವೇಷದಲ್ಲಿ ಬಂದಿದೆ. ಮುಕ್ತ ತಂತ್ರಾಂಶವನ್ನು ಬರೆಯುವವರಿಗೆ ದುಡಿಮೆಯ ಫಲ ಸಲ್ಲಬೇಕೆ, ಅಥವಾ ಅದು ಕೇವಲ ಸೇವೆಯೆಂದು ತಿಳಿದು ಸುಮ್ಮನಿರಬೇಕೆ? ಭಕ್ತರಿಗೆ ಇದು ದೂರದ ಮಾತೆಂದು ತೋರಬಹುದು. ಆದರೆ ಇಂದು ವಚನಗಳನ್ನು ಮೊಬೈಲಿನಲ್ಲಿ ಓದುವ ಪ್ರತಿಯೊಬ್ಬರೂ ಹೆಸರರಿಯದ ಅನೇಕರ ಇಂಥ ದುಡಿಮೆಯ ಮೇಲೆಯೇ ನಿಂತಿದ್ದಾರೆ.

ಮೊದಲಿಗೆ ಪದದ ಅರ್ಥವನ್ನು ತಿಳಿಯಬೇಕು. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಅವರು ಗ್ನೂ ಯೋಜನೆಯನ್ನು ಘೋಷಿಸಿದರು; 1985ರಲ್ಲಿ ಮುಕ್ತ ತಂತ್ರಾಂಶ ಪ್ರತಿಷ್ಠಾನವನ್ನು ಸ್ಥಾಪಿಸಿದರು. ತಂತ್ರಾಂಶವನ್ನು ಬಳಸುವ, ಅದರ ಒಳಗನ್ನು ಅರಿಯುವ, ತಿದ್ದುವ, ಇತರರಿಗೆ ಹಂಚುವ ಸ್ವಾತಂತ್ರ್ಯ ಎಲ್ಲರಿಗೂ ಇರಬೇಕೆಂಬುದು ಅವರ ನಿಲುವು. ಇಂಗ್ಲಿಷಿನಲ್ಲಿ ಬಿಡುಗಡೆಗೂ ಬಿಟ್ಟಿಗೂ ಒಂದೇ ಪದವಿರುವುದರಿಂದ ಅಲ್ಲಿ ಗೊಂದಲ ಹುಟ್ಟಿತು. ಕನ್ನಡದಲ್ಲಿ ಆ ತೊಡಕಿಲ್ಲ. ‘ಮುಕ್ತ’ ಬೇರೆ, ‘ಉಚಿತ’ ಬೇರೆ. ಸ್ಟಾಲ್ಮನ್ ಅವರೇ ಆ ದಿನಗಳಲ್ಲಿ ತಮ್ಮ ಇಮ್ಯಾಕ್ಸ್ ತಂತ್ರಾಂಶದ ಟೇಪನ್ನು 150 ಡಾಲರಿಗೆ ಮಾರುತ್ತಿದ್ದರು. ಕೊಂಡವನು ಅದನ್ನು ಯಾರಿಗೆ ಬೇಕಾದರೂ ಹಂಚಬಹುದಿತ್ತು. ಬೆಲೆಯೂ ಇತ್ತು, ಬಂಧನವಿರಲಿಲ್ಲ.

ಶರಣರ ಪರಂಪರೆಗೆ ಈ ಭೇದ ಅಪರಿಚಿತವಲ್ಲ. ವಚನಗಳು ಮೊದಲಿನಿಂದಲೂ ಮುಕ್ತವಾಗಿದ್ದವು. ಓಲೆಗರಿಯನ್ನು ಪ್ರತಿ ಮಾಡಲು ಯಾರೂ ತಡೆಯಲಿಲ್ಲ. ಅಂಕಿತವನ್ನು ಕಾಪಾಡಿಕೊಂಡು ಹಾಡಲು, ಕಟ್ಟುಗಳಲ್ಲಿ ಸಂಕಲಿಸಲು, ಟೀಕೆ ಬರೆಯಲು ಎಲ್ಲರಿಗೂ ಅವಕಾಶವಿತ್ತು. ಹದಿನೈದನೆಯ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಕಾಲಕ್ಕೆ ಲಕ್ಕಣ್ಣ ದಂಡೇಶ, ಜಕ್ಕಣಾರ್ಯರಂಥ ಅಧಿಕಾರಿಗಳ ಆಶ್ರಯದಲ್ಲಿ ವೀರಶೈವ ವಾಙ್ಮಯದ ಸಂಗ್ರಹಕಾರ್ಯವು ದೊಡ್ಡದಾಗಿ ನಡೆಯಿತು. ಅರಮನೆಯ ಆಶ್ರಯವು ವಿದ್ವಾಂಸರನ್ನು ಪೊರೆಯಿತು. ಆದರೆ ವಚನಗಳು ಅರಮನೆಯ ಸ್ವತ್ತಾಗಲಿಲ್ಲ. ಕೆಲಸಕ್ಕೆ ಪೋಷಣೆ ದೊರೆತರೂ ಫಲವು ಲೋಕದ್ದಾಗಿಯೇ ಉಳಿಯಬಹುದೆಂಬುದಕ್ಕೆ ಇದು ಸಾಕ್ಷಿ.

ಕಾಯಕ ಮತ್ತು ದಾಸೋಹಗಳ ಸಂಬಂಧವನ್ನು ಇಲ್ಲಿ ನೆನೆಯುವುದು ಯುಕ್ತ. ನುಲಿಯ ಚಂದಯ್ಯನವರು ಹುಲ್ಲನ್ನು ಕೊಯ್ದು ಹಗ್ಗ ಹೊಸೆದರು. ಆ ಹಗ್ಗವನ್ನು ಮಾರಿದರು. ಮಾರಿ ಬಂದುದರಿಂದ ಜಂಗಮ ದಾಸೋಹವನ್ನು ನಡೆಸಿದರು. ಹಗ್ಗಕ್ಕೆ ಬೆಲೆಯೇ ಇಲ್ಲದಿದ್ದರೆ ಅವರ ದಾಸೋಹವೂ ಇರುತ್ತಿರಲಿಲ್ಲ. ದಾಸೋಹವು ಕಾಯಕದ ಫಲದಿಂದ ಹುಟ್ಟುವುದೇ ಹೊರತು ಕಾಯಕದ ಫಲವನ್ನು ಅಳಿಸುವುದರಿಂದಲ್ಲ. ಇನ್ನೊಂದೆಡೆ ಆಯ್ದಕ್ಕಿ ಲಕ್ಕಮ್ಮನವರು, ಪತಿ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ಮರಳಿ ಸುರಿದು ಬರಲು ಹೇಳಿದರು. ಕೂಲಿ ಬೇಕು, ಆದರೆ ಆಸೆ ಬೇಡ. ಇವೆರಡೂ ಕೂಡಿಯೇ ಶರಣರ ಅರ್ಥನೀತಿ.

ಆಧುನಿಕ ಕಾಲದಲ್ಲಿ ಈ ಪ್ರಶ್ನೆಯು ಅತ್ಯಂತ ನೋವಿನಿಂದ ಎದ್ದು ನಿಲ್ಲುವುದು ವಚನ ಪಿತಾಮಹ ಡಾ. ಫ. ಗು. ಹಳಕಟ್ಟಿಯವರ ಬದುಕಿನಲ್ಲಿ. 1880ರಲ್ಲಿ ಧಾರವಾಡದಲ್ಲಿ ಜನಿಸಿದ ಅವರು ವಿಜಯಪುರದಲ್ಲಿ ವಕೀಲರಾಗಿದ್ದರು. ಊರೂರು ಅಲೆದು ಓಲೆಗರಿಗಳನ್ನು ಕೂಡಿಸಿ, 1923ರಲ್ಲಿ ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗವನ್ನು ಹೊರತಂದರು. ವಚನಗಳ ಮುದ್ರಣಕ್ಕಾಗಿ ಸ್ವಂತ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. 1964ರಲ್ಲಿ ಲಿಂಗೈಕ್ಯರಾಗುವವರೆಗೂ ಬಡತನ ಅವರನ್ನು ಬಿಡಲಿಲ್ಲ. ಅವರ ಹರಿದ ಕೋಟಿನ ಕಥೆಯನ್ನು ಇಂದಿಗೂ ಸಭೆಗಳಲ್ಲಿ ಭಕ್ತಿಯಿಂದ ಹೇಳಲಾಗುತ್ತದೆ.

ಆ ಕಥೆಯನ್ನು ಕೇಳಿ ಕಣ್ಣೊದ್ದೆ ಮಾಡಿಕೊಳ್ಳುವುದು ಸುಲಭ. ಆದರೆ ಆ ಕೋಟು ಹರಿದಿದ್ದಾಗ ಅದನ್ನು ಕಂಡ ಸಮಾಜವು ಏನು ಮಾಡಿತು ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವುದು ಕಷ್ಟ. ತ್ಯಾಗವು ಮಾಡಿದವರ ಹಿರಿಮೆ. ಅದನ್ನು ಅನಿವಾರ್ಯಗೊಳಿಸಿದ್ದು ಪಡೆದವರ ಕೊರತೆ. ಮನೆ ಮಾರಲು ಸಿದ್ಧರಾದ ಒಬ್ಬ ಹಳಕಟ್ಟಿಯವರು ನಾಡಿಗೆ ದೊರೆತದ್ದು ಭಾಗ್ಯ. ಅವರು ಮನೆ ಮಾರದಿದ್ದರೆ ಎಷ್ಟು ಓಲೆಗರಿಗಳು ಗೆದ್ದಲಿನ ಪಾಲಾಗುತ್ತಿದ್ದವೋ! ಭಾಗ್ಯವನ್ನೇ ನಂಬಿ ಪರಂಪರೆಯನ್ನು ಉಳಿಸಲಾಗದು. ಮುಂದೆ ಕರ್ನಾಟಕ ಸರಕಾರವು ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟಗಳನ್ನು 15 ಸಂಪುಟಗಳಲ್ಲಿ 1993ರಲ್ಲಿ ಪ್ರಕಟಿಸಿತು. ಒಬ್ಬರ ಮನೆಯ ಬೆಲೆಯಲ್ಲಿ ಆರಂಭವಾದ ಕೆಲಸವು ನಾಡಿನ ಬೊಕ್ಕಸದ ನೆರವಿನಿಂದ ಪೂರ್ಣತೆಯತ್ತ ಸಾಗಿತು. ಭಾರತದ ಕಾನೂನಿನಂತೆ ಲೇಖಕರ ಮರಣಾನಂತರದ 60 ವರ್ಷಗಳು ಕಳೆದುದರಿಂದ, 2025ರ ಜನವರಿ 1ರಿಂದ ಹಳಕಟ್ಟಿಯವರ ಸ್ವಂತ ಬರಹಗಳೂ ಸಾರ್ವಜನಿಕ ಸ್ವತ್ತಾಗಿವೆ.

ಗಣಕಯಂತ್ರದಲ್ಲಿ ಕನ್ನಡವು ನೆಲೆಗೊಂಡ ಇತಿಹಾಸವೂ ಇದೇ ಜಾಡಿನದು. ಕೆ. ಪಿ. ರಾವ್ ಅವರು ಕನ್ನಡದ ಕೀಲಿಮಣೆ ವಿನ್ಯಾಸವನ್ನು ರೂಪಿಸಿ, ಅದರ ಮೇಲೆ ಒಡೆತನವನ್ನು ಸಾಧಿಸದೆ ಎಲ್ಲರ ಬಳಕೆಗೆ ಬಿಟ್ಟರು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ತಂತ್ರಾಂಶ ಬಂದಿತು. ಅದು ಅನೇಕ ವರ್ಷ ಉಚಿತವಾಗಿ ದೊರೆಯಿತು, ಮುಂದೆ ಅದಕ್ಕೆ ಬೆಲೆ ಬಂದಿತು. ಅದು ಉಚಿತವಾಗಿದ್ದಾಗಲೂ ಮೇಲಿನ ಅರ್ಥದಲ್ಲಿ ಮುಕ್ತವಾಗಿರಲಿಲ್ಲ. ಕನ್ನಡ ಗಣಕ ಪರಿಷತ್ತಿನ ‘ನುಡಿ’ಗೆ ಸರಕಾರದ ಬೆಂಬಲವಿತ್ತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಪದವಾರು ಹುಡುಕಲು ಅನುವು ಮಾಡಿದ ‘ವಚನ ಸಂಚಯ’ವನ್ನು ಓಂಶಿವಪ್ರಕಾಶ್, ಒ. ಎಲ್. ನಾಗಭೂಷಣಸ್ವಾಮಿ ಮೊದಲಾದವರ ಬಳಗವು ಸ್ವಯಂಪ್ರೇರಣೆಯಿಂದ ಕಟ್ಟಿತು. ಹಿಂದೆ ಹದಿನೈದು ಸಂಪುಟಗಳನ್ನು ತಿರುವಿ ಹಾಕಬೇಕಾಗಿದ್ದ ಸಂಶೋಧಕನಿಗೆ ಇಂದು ಒಂದು ಪದದ ಎಲ್ಲ ಪ್ರಯೋಗಗಳೂ ಕ್ಷಣದಲ್ಲಿ ದೊರೆಯುತ್ತವೆ.

ಕೂಲಿಯಿಲ್ಲದ ಕಾಯಕವು ಎಲ್ಲಿಯವರೆಗೆ ನಡೆದೀತು ಎಂಬುದಕ್ಕೆ ಹೊರಲೋಕದ ಎರಡು ಘಟನೆಗಳು ಉತ್ತರಿಸುತ್ತವೆ. 2014ರಲ್ಲಿ ಓಪನ್ ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶದಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೋಷ ಪತ್ತೆಯಾಯಿತು. ಜಗತ್ತಿನ ಬಹುಪಾಲು ಜಾಲತಾಣಗಳ ಗೋಪ್ಯತೆಯನ್ನು ಕಾಯುತ್ತಿದ್ದ ಆ ತಂತ್ರಾಂಶಕ್ಕೆ ಅಲ್ಲಿಯವರೆಗೆ ವರ್ಷಕ್ಕೆ ದೊರೆಯುತ್ತಿದ್ದ ದೇಣಿಗೆ ಸುಮಾರು 2,000 ಡಾಲರು. ಪೂರ್ಣಾವಧಿ ದುಡಿಯುತ್ತಿದ್ದವನು ಒಬ್ಬನೇ. 2024ರಲ್ಲಿ ‘ಎಕ್ಸ್‌ಝೆಡ್’ ಎಂಬ ತಂತ್ರಾಂಶದಲ್ಲಿ ಯಾರೋ ಗುಟ್ಟಾಗಿ ಕಳ್ಳಬಾಗಿಲನ್ನು ಇರಿಸಿದ್ದು ಬೆಳಕಿಗೆ ಬಂದಿತು. ಸಂಬಳವಿಲ್ಲದೆ ಒಂಟಿಯಾಗಿ ಅದನ್ನು ನೋಡಿಕೊಳ್ಳುತ್ತ ದಣಿದಿದ್ದವನಿಗೆ ಸಹಾಯಕನಾಗಿ ಬಂದವನೇ ಆ ಕೃತ್ಯವನ್ನು ಎಸಗಿದ್ದನು. ದಣಿದ ಅಂಬಿಗನ ಕೈಯಿಂದ ಹುಟ್ಟನ್ನು ಕಸಿಯುವುದು ಸುಲಭವಾಯಿತು. ದೋಣಿಯಲ್ಲಿ ಕುಳಿತವರಿಗೆ ಅದರ ಅರಿವೇ ಇರಲಿಲ್ಲ.

ಹಣ ಬಂದರೆ ಭಾವ ಕೆಡುವುದೆಂಬ ಆಕ್ಷೇಪವುಂಟು. ಅದರಲ್ಲಿ ಸತ್ಯವಿಲ್ಲದಿಲ್ಲ. ಕೊಡುವವನು ಒಡೆಯನಾದರೆ ಕೆಲಸವು ಅವನ ಮರ್ಜಿಗೆ ಬಾಗುತ್ತದೆ. ಅಂತೆಯೇ ಎಲ್ಲರೂ ಕೂಲಿಯನ್ನು ಪಡೆಯಲೇಬೇಕೆಂಬ ನಿಯಮವೂ ಸಲ್ಲದು. ಬೇರೆ ಕಾಯಕದಿಂದ ಬದುಕಿ ಬಿಡುವಿನಲ್ಲಿ ಬರೆದು ಅರ್ಪಿಸುವವನ ದಾಸೋಹವನ್ನು ತಡೆಯುವ ಅಧಿಕಾರ ಯಾರಿಗೂ ಇಲ್ಲ. ಆದರೆ ದಾಸೋಹವು ಕೊಡುವವನ ಇಚ್ಛೆಯಿಂದ ಆಗಬೇಕು, ಪಡೆಯುವವನ ಹಕ್ಕಾಯದಿಂದಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುವ ಉದ್ಯೋಗದಲ್ಲಿದ್ದವರು. ಆ ಉದ್ಯೋಗ ಅವರ ಭಕ್ತಿಯನ್ನು ಕುಂದಿಸಲಿಲ್ಲ. ಭಾವವನ್ನು ಕೆಡಿಸುವುದು ಕೂಲಿಯಲ್ಲ, ಕೂಲಿಯನ್ನು ಮೀರಿದ ಆಸೆ.

ಮಠಗಳೂ ಸಂಘಸಂಸ್ಥೆಗಳೂ ಗ್ರಂಥ ಪ್ರಕಟಣೆಗೆ, ಪ್ರಸಾದ ನಿಲಯಕ್ಕೆ ಭಕ್ತರ ಕಾಣಿಕೆಯನ್ನು ವಿನಿಯೋಗಿಸುತ್ತ ಬಂದಿವೆ. ಅಕ್ಷರರೂಪವನ್ನು ಕೆತ್ತುವವನಿಗೆ, ವಚನಗಳನ್ನು ತಪ್ಪಿಲ್ಲದೆ ಗಣಕಕ್ಕೆ ಏರಿಸುವವನಿಗೆ, ಅವನ್ನು ಕಾಯುವ ತಂತ್ರಾಂಶವನ್ನು ಬರೆಯುವವನಿಗೆ ಅದರ ಒಂದು ಪಾಲು ಸಂದರೆ ಅದೂ ದಾಸೋಹವೇ. ವಚನವು ಹೊಳೆಯಂತೆ ಮುಕ್ತವಾಗಿಯೇ ಹರಿಯಲಿ. ಅದನ್ನು ದಾಟಿಸುವವನ ಮನೆಯ ಒಲೆಯೂ ಆರದಿರಲಿ.