ಕಳಿಸಿ ಅಂದ್ರೆ ಸೆಂಡ್ ಅಲ್ಲ

ಕೆಲಸಕ್ಕೆ ಸೇರಿದ ಹೊಸತರಲ್ಲಿ ವಿದೇಶದ ಕ್ಲೈಂಟ್ ಒಬ್ಬರಿಗೆ ಮೇಲ್ ಬರೆದಿದ್ದೆ: 'ಸೆಂಡ್ ದಿ ಫೈಲ್ ಟುಡೇ.' ವ್ಯಾಕರಣ ತಪ್ಪಿರಲಿಲ್ಲ, ಎರಡು ಸಲ ನೋಡಿದ್ದೆ. ಅರ್ಧ ಗಂಟೆಯಲ್ಲಿ ಮ್ಯಾನೇಜರ್ ಕರೆದು, "ಏನಯ್ಯಾ, ಆಳಿಗೆ ಹೇಳೋ ಹಾಗೆ ಬರೆದಿದೀಯ?" ಅಂದರು. ನನಗೆ ತಲೆಬುಡ ತಿಳಿಯಲಿಲ್ಲ. ನಾನು ಮನಸ್ಸಲ್ಲಿ ಅಂದುಕೊಂಡದ್ದು 'ಇವತ್ತು ಫೈಲ್ ಕಳಿಸಿ' ಅಂತ. ಕಳಿಸು ಅಂದಿರಲಿಲ್ಲವಲ್ಲ!

ಆಮೇಲೆ ಹೊಳೆಯಿತು. ನಮ್ಮ ಮರ್ಯಾದೆ ಕ್ರಿಯಾಪದದ ಬಾಲದಲ್ಲೇ ಕೂತಿರುತ್ತೆ. ಕಳಿಸು, ಕಳಿಸಿ.. ಒಂದೇ ಸ್ವರದ ವ್ಯತ್ಯಾಸ. ಇಂಗ್ಲಿಷಿಗೆ ಹೊರಟಾಗ ಆ ಸ್ವರ ಈಚೆ ದಡದಲ್ಲೇ ಉಳಿಯುತ್ತೆ. ಅಲ್ಲಿ ಪ್ಲೀಸು, ಕುಡ್ ಯೂ ಎಲ್ಲ ಹೊರಗಿಂದ ತಂದು ಅಂಟಿಸಬೇಕು.

ಹಿಂದೆ ಇಂಗ್ಲಿಷಿನಲ್ಲೂ ನೀನು-ನೀವು ಇತ್ತು: ದೌ ಮತ್ತು ಯೂ. 17ನೇ ಶತಮಾನದಲ್ಲಿ ದೌ ಮಾತಿನಿಂದ ಜಾರತೊಡಗಿತು. ಅದೇ ಹೊತ್ತಲ್ಲಿ ಕ್ವೇಕರ್ ಪಂಥದವರು, ದೇವರ ಮುಂದೆ ಎಲ್ಲರೂ ಒಂದೇ ಅಂತ, ನ್ಯಾಯಾಧೀಶನನ್ನೂ ಧಣಿಯನ್ನೂ ದೌ ಎಂದೇ ಮಾತಾಡಿಸಿ ಏಟು ತಿಂದರು. ಒಬ್ಬನಿಗೆ ಏಕವಚನ, ವ್ಯಾಕರಣದ ಪ್ರಕಾರ ಅವರೇ ಸರಿ! 'ಏಕವಚನದಲ್ಲಿ ಮಾತಾಡಿದ' ಅಂತ ನಮ್ಮೂರಲ್ಲಿ ಎಷ್ಟು ಜಗಳ ಆಗಿಲ್ಲ ಹೇಳಿ.

1762ರಲ್ಲಿ ರಾಬರ್ಟ್ ಲೌತ್ ಎಂಬ ಪಾದ್ರಿ ಇಂಗ್ಲಿಷ್ ವ್ಯಾಕರಣ ಬರೆದ. ಅಡಿಟಿಪ್ಪಣಿಗಳಲ್ಲಿ ಷೇಕ್ಸ್‌ಪಿಯರ್, ಮಿಲ್ಟನ್ ಅವರ ತಪ್ಪುಗಳನ್ನೂ ಎತ್ತಿ ಹಿಡಿದ. ಅವರಿಗೇ ಪಾಸ್ ಇಲ್ಲ, ಇನ್ನು ನಮ್ಮದೇನು :)

ನಮ್ಮನೆ ಶಿಕಾರಿಪುರ, ಮಾವನ ಮನೆ ಸೊರಬ. ಬಸ್ಸು ಶಿರಾಳಕೊಪ್ಪದ ಮೇಲೆ ಹೋಗುತ್ತೆ, ಅದರ ಪಕ್ಕದಲ್ಲೇ ಬಳ್ಳಿಗಾವಿ. ಅಲ್ಲಿನ ಕೋಡಿಯ ಮಠದ ಶಾಸನ 1162ರದ್ದು, ಲೌತ್‌ಗಿಂತ ಸರಿಯಾಗಿ ಆರುನೂರು ವರ್ಷ ಹಿಂದಿನದು. ಕೌಮಾರ, ಪಾಣಿನೀಯ, ಶಾಕಟಾಯನ ಹೀಗೆ ಒಂದಲ್ಲ ಹಲವು ವ್ಯಾಕರಣ ಹೇಳಿಕೊಡುವ ಜಾಗ ಅಂತ ಅದರಲ್ಲಿದೆ. ಅದೇ ಕಲ್ಲಿನಲ್ಲಿ, ಬಡವರಿಗೆ, ಕುಂಟರಿಗೆ, ಕುರುಡರಿಗೆ ಅನ್ನ ಹಾಕುವ, ರೋಗಿಗಳಿಗೆ ಔಷಧ ಕೊಡುವ ಜಾಗ ಅಂತಲೂ ಇದೆ. ಚಿಕ್ಕಂದಿನಲ್ಲಿ ಆ ಗುಡಿಯಲ್ಲಿ ಕಣ್ಣಾಮುಚ್ಚಾಲೆ ಆಡಿದ್ದೇವೆ. ಕಲ್ಲಲ್ಲಿ ಏನಿದೆ ಅಂತ ಯಾರೂ ಹೇಳಿರಲಿಲ್ಲ. ಇಂಗ್ಲಿಷ್ ಬರಲ್ಲ ಅಂತ ಮಾತ್ರ ಎಲ್ಲರೂ ಹೇಳಿದ್ದರು.

ಶಾಸನ ನನಗೆ ಸಿಕ್ಕಿದ್ದೂ ಇಂಗ್ಲಿಷಿನಲ್ಲೇ. ಬಿ.ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟದಲ್ಲಿ ಅನುವಾದದ ಸಮೇತ ಅಚ್ಚು ಹಾಕಿಸಿದರು. ಆ ಋಣ ದೊಡ್ಡದು. ಆದರೆ ಅವರ ಪುಸ್ತಕದಲ್ಲಿ ನಮ್ಮೂರು ಶಿಕಾರ್‌ಪುರ್, ಮಾವನ ಊರು ಸೊರಬ್. ಕೊನೆಯ ಸ್ವರ ಅಲ್ಲೂ ಮಾಯ! ಶಿಮೊಗ ಎಂದಿದ್ದ ಜಿಲ್ಲಾ ಕೇಂದ್ರ ಇಂಗ್ಲಿಷಿನಲ್ಲೂ ಶಿವಮೊಗ್ಗ ಆಗಲಿಕ್ಕೆ 2014ರ ರಾಜ್ಯೋತ್ಸವ ಬರಬೇಕಾಯ್ತು.

ಈಗ ಆಫೀಸಿನ ಪ್ರತಿ ಮೇಲ್‌ಗೂ ಮರೆಯದೆ ಒಂದು ಪ್ಲೀಸ್ ಹಾಕುತ್ತೇನೆ. ಮೊನ್ನೆ ಫೋನಲ್ಲಿ "ಮಾವ, ಪ್ಲೀಸ್ ಆ ಫೋಟೋ ಕಳಿಸಿ" ಅಂದೆ. ಸೊರಬದಿಂದ ತಕ್ಷಣ ಕೇಳಿದರು, "ಯಾಕೋ, ಏನಾದ್ರೂ ಸಿಟ್ಟಾ?"